ಮೇಲಿನ ಸ್ವರ ಬಾರದ ಸೆಟ್ಟು

ವಾಲ್ವ್ ಆಂಪ್ಲಿಫೈಯರ್ ಮಾಡುವುದನ್ನು ಕಲಿಸಿಕೊಡಿ ಎಂದು ಈಗ ನನಗೆ ಫೋನುಗಳು ಬರುತ್ತವೆ. ಹಾಸನದ ಅಂಗಡಿಯಲ್ಲಿ ಕೂತಿದ್ದಷ್ಟು ಕಾಲ ಯಾರೂ ಹಾಗೆ ಕೇಳಲಿಲ್ಲ. ಆಗ ಬಂದವರು ಕೌಂಟರಿನ ಮೇಲೆ ರೇಡಿಯೋ ಸೆಟ್ಟು ಇಟ್ಟು, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾ?" ಎನ್ನುತ್ತಿದ್ದರು. ನಾನೇ ಮೆಕ್ಯಾನಿಕ್ ಎಂದರೆ, "ಪರವಾಗಿಲ್ಲ, ಅವರು ಬರೋವರ್ಗೂ ಕಾಯ್ತೀನಿ" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವರೆದುರಿಗೇ ಸೆಟ್ಟು ಬಿಚ್ಚಿ, ರಿಪೇರಿ ಮಾಡಿ, ಹಾಡು ಹಾಕಿ ಕೊಟ್ಟರೂ ಕೆಲವರು, "ಅವರು ಬಂದ್ಮೇಲೆ ಒಂದ್ಸಲ ತೋರ್ಸಿಬಿಡಿ" ಎಂದದ್ದುಂಟು.

ಈಗ ಕಣ್ಣು ಮಂಜಾಗಿದೆ, ಬೆಸುಗೆ ಹಾಕುವ ಕೈ ಅಲುಗುತ್ತದೆ, ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಾರೆ. ದುದ್ದದ ಮನೆಯಲ್ಲಿ ನಾನು ಸುಮ್ಮನೆ ಕೂತಿರುವಾಗ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು "ಮೇಡಂ" ಎಂದು ಮಾತಾಡಿಸುತ್ತಾರೆ. ಇವರೆಲ್ಲ ಫೋನಿನಲ್ಲಿ ವಿಡಿಯೋ ನೋಡಿದವರು. ಅದರಲ್ಲಿ ಗಾಜಿನ ಬುರುಡೆಯಂಥ ವಾಲ್ವುಗಳು ಕಿತ್ತಳೆ ಬಣ್ಣಕ್ಕೆ ಬೆಳಗುತ್ತವೆ, ಯಾರೋ ಗಿಟಾರ್ ಮೀಟುತ್ತಾರೆ, ಮುಗಿಯಿತು. ನಡುವೆ ಏನಾಯಿತು ಎಂಬುದನ್ನು ಆ ವಿಡಿಯೋ ತೋರಿಸುವುದಿಲ್ಲ. ಅದನ್ನು ನಾನು ಬರೆಯುತ್ತೇನೆ. ಓದಿದ ಮೇಲೂ ಈ ಕೆಲಸಕ್ಕೆ ಬರುತ್ತೇನೆ ಎನ್ನುವವರು ಬರಲಿ.

ಮೊದಲು ಒಂದು ಮಾತು. ವಾಲ್ವ್ ಸೆಟ್ಟಿನೊಳಗೆ ಮನೆಯ ಕರೆಂಟಿಗಿಂತ ಹೆಚ್ಚಿನ ವೋಲ್ಟೇಜು ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕರೆಂಟು ಹಿಡಿದಿಡುವ ಕಂಡೆನ್ಸರುಗಳಲ್ಲಿ ಅದು ಉಳಿದಿರುತ್ತದೆ. ಎರಡೂ ಕೈ ಒಳಗಿಟ್ಟು ಎರಡು ಕಡೆ ತಾಗಿಸಿಕೊಂಡರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. ನನಗೆ ಕೆಲಸ ಕಲಿಸಿದ ಅಂಗಡಿಯ ಯಜಮಾನರು ಗಂಗಾಧರಪ್ಪ. ಅವರು ನಾನು ಐಟಿಐ ಮುಗಿಸಿ ಬಂದ ಮೊದಲ ದಿನವೇ ಹೇಳಿದರು:

"ಸೆಟ್ಟು ಆನ್ ಆಗಿದ್ದಾಗ ಒಂದ್ ಕೈ ಜೇಬ್ನಲ್ಲಿರ್ಬೇಕು."

"ಸೀರೆಗೆ ಜೇಬೆಲ್ಲಿ ಯಜಮಾನ್ರೇ?"

ಅವರು ಬಹಳ ಹೊತ್ತು ಯೋಚಿಸಿದರು. ಅವರ ಬಳಿ ಅದುವರೆಗೆ ಸೀರೆ ಉಟ್ಟವರು ಕೆಲಸಕ್ಕೆ ಬಂದಿರಲಿಲ್ಲ. "ಅಂಗಾರೆ ಸೊಂಟಕ್ಕೆ ಸಿಕ್ಕಿಸ್ಕೊ" ಎಂದರು. ಅಂದಿನಿಂದ ಎಡಗೈಯನ್ನು ಸೊಂಟದಲ್ಲಿ ಸೆರಗಿನೊಳಗೆ ಸಿಕ್ಕಿಸಿಕೊಂಡೇ ಕೆಲಸ ಮಾಡಿದೆ. ಗಿರಾಕಿಗಳಿಗೆ ಅದು ಜಂಬದಂತೆ ಕಾಣುತ್ತಿತ್ತು. "ಏನಮ್ಮ, ಸೊಂಟದ್ ಮೇಲ್ ಕೈಯಿಟ್ಕಂಡು ರಿಪೇರಿ ಮಾಡ್ತೀಯ?" ಎಂದು ಕೇಳುತ್ತಿದ್ದರು. ಕೇಳಲಿ. ನಾನು ಬದುಕಿದ್ದೇನೆ.

ನಾನು ಸೇರಿದಾಗ ವಾಲ್ವ್ ರೇಡಿಯೋಗಳು ಕೊನೆಗಾಲದಲ್ಲಿದ್ದವು. ಆಮೇಲೆ ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್, ಟಿವಿ ಬಂದವು. ಕೊನೆಗೆ ಕೆಟ್ಟದ್ದನ್ನು ಹುಡುಕುವುದೇ ಬೇಡ, ಇಡೀ ಬೋರ್ಡ್ ಕಿತ್ತು ಹೊಸದು ಹಾಕು ಎನ್ನುವ ಕಾಲವೂ ಬಂತು. ಕಲಿತದ್ದನ್ನೆಲ್ಲ ಒಂದೊಂದಾಗಿ ಮರೆಯುವುದೇ ನಮ್ಮ ವೃತ್ತಿಯಾಗಿತ್ತು. ವಾಲ್ವನ್ನಂತೂ ಪೂರ್ತಿ ಮರೆತು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ರುದ್ರಪ್ಪನವರು ಬಂದರು.

ರುದ್ರಪ್ಪನವರದು ಕೊಬ್ಬರಿ ಎಣ್ಣೆ ಮಿಲ್ಲು. ಅರವತ್ತು ದಾಟಿದ ವಯಸ್ಸು, ಹಣೆಯಲ್ಲಿ ವಿಭೂತಿ, ಶುಭ್ರ ಬಿಳಿ ಅಂಗಿ. ಮಾತು ಮಾತ್ರ ಬಸ್‌ಸ್ಟ್ಯಾಂಡಿನ ಆಚೆ ತುದಿಗೆ ಕೇಳುವಷ್ಟು ಜೋರು. ಅವರು ಹುಡುಗನಾಗಿದ್ದಾಗ ಹಾಸನದ ಒಬ್ಬ ಮೇಷ್ಟ್ರ ಬಳಿ ಹವಾಯಿಯನ್ ಗಿಟಾರ್ ಕಲಿತಿದ್ದರಂತೆ. ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ನುಡಿಸುವ ಗಿಟಾರ್ ಅದು. ಕೈ ಪಳಗುವಷ್ಟರಲ್ಲಿ ತಂದೆ ಮಿಲ್ಲಿಗೆ ಹಾಕಿದರು. ಗಿಟಾರು ಬೀರುವಿನ ಮೇಲೆ ಹೋಯಿತು. ಈಗ ಮಿಲ್ಲನ್ನು ತಮ್ಮನಿಗೆ ಬಿಟ್ಟು ಅದನ್ನು ಕೆಳಗಿಳಿಸಿದ್ದರು.

"ನಮ್ ಮೇಷ್ಟ್ರತ್ರ ಒಂದ್ ವಾಲ್ವ್ ಸೆಟ್ಟಿತ್ತು. ಸಣ್ಣ ತಂತಿ ಮೀಟಿದ್ರೆ ಬೆಳ್ಳಿ ಚಮಚ ಲೋಟಕ್ ತಾಕ್ದಂಗೆ ಕೇಳೋದು. ಅಂಗೇ ಬೇಕು. ಈಗಿನ್ ಸೆಟ್ಟು ತಗಡು ಬಡ್ದಂಗೆ" ಎಂದರು.

ನಾನು ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು, "ಆಯ್ತದೆ ಬಿಡಿ ಸಾ, ನಮ್ ಸಾವಿತ್ರಿ ಮಾಡ್ಕೊಡ್ತಾಳೆ" ಎಂದುಬಿಟ್ಟರು. ಗಂಗಾಧರಪ್ಪನವರ ಜೀವನದಲ್ಲಿ ಆಗುವುದಿಲ್ಲ ಎಂಬ ಮಾತೇ ಇರಲಿಲ್ಲ. ಒಪ್ಪಿಕೊಳ್ಳುವುದು ಅವರ ಕೆಲಸ, ಮಾಡುವುದು ನನ್ನದು.

ಅಂಗಡಿಯ ಅಟ್ಟದಲ್ಲಿ ಹಳೆಯ ವಾಲ್ವುಗಳಿದ್ದವು. ಡಬ್ಬಿಯಲ್ಲಿ ಭದ್ರವಾಗಿ ಇಟ್ಟಿದ್ದರು, ನೋಡಿದರೆ ಹೊಚ್ಚ ಹೊಸವು. ಒಂದೊಂದನ್ನೇ ಹಾಕಿ ನೋಡಿದರೆ ಒಂದರಲ್ಲಿ ಜೀವವಿಲ್ಲ, ಇನ್ನೊಂದನ್ನು ಬೆರಳಲ್ಲಿ ತಟ್ಟಿದರೆ ಸ್ಪೀಕರಿನಲ್ಲಿ ಟಿಣ್ ಟಿಣ್ ಎನ್ನುತ್ತದೆ. ಹೊಸ ವಾಲ್ವಿಗೆ ಹೀಗೇಕೆ ಎಂದು ಕೇಳಿದೆ.

"ಅವು ಹೊಸವಲ್ಲ ಸಾವಿತ್ರಿ. ರಿಪೇರಿಗ್ ಬಂದ ಸೆಟ್ನಲ್ಲಿ ತೆಗ್ದಿದ್ವು. ಡಬ್ಬಿ ಚೆನ್ನಾಗಿದ್ವಲ್ಲ, ಸುಮ್ನೆ ಯಾಕ್ ಬಿಸಾಕೋದು ಅಂತ ಅದ್ರೊಳಗಿಟ್ಟೆ."

ಕೆಟ್ಟ ವಾಲ್ವುಗಳನ್ನು ವರ್ಷಾನುಗಟ್ಟಲೆ ಜೋಪಾನ ಮಾಡಿದ್ದ ಆ ಮನುಷ್ಯನನ್ನು ಕೆಳಗೆ ಬಿಟ್ಟು ಮತ್ತೆ ಅಟ್ಟ ಹತ್ತಿದೆ. ರಾಶಿಯಲ್ಲಿ ಡಬ್ಬಿಯೇ ಇಲ್ಲದೆ ಬಿದ್ದಿದ್ದ ಕೆಲವು ಒಳ್ಳೆಯವು ಸಿಕ್ಕವು.

ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಅರಕಲಗೂಡಿಗೆ ಹೋದೆ. ಅಲ್ಲಿನ ತಿಮ್ಮೇಗೌಡ ತೋಟದ ಪಂಪಿನ ಮೋಟಾರು ಸುತ್ತುವವನು. ವಾಲ್ವಿನಿಂದ ಸ್ಪೀಕರಿಗೆ ಹೋಗುವ ಟ್ರಾನ್ಸ್‌ಫಾರ್ಮರ್ ಎಷ್ಟು ನಾಜೂಕಿನದು, ಯಾವ ತುದಿ ಮೊದಲು ಯಾವ ತುದಿ ಕೊನೆ ಎಂದು ಗುರುತು ಹಾಕುವುದು ಎಷ್ಟು ಮುಖ್ಯ ಎಂದು ಚಿತ್ರ ಬರೆದು ಹೇಳಿದೆ. "ಮೊದಲ ತುದಿಗೆ ಬಿಳಿ ದಾರ, ಕೊನೆಗೆ ಕರಿ ದಾರ" ಎಂದು ಎರಡೆರಡು ಸಲ ಹೇಳಿದೆ.

"ಮೋಟ್ರು ಸುತ್ತೋನ್ಗೆ ಇದೇನ್ ಮಹಾ ಸಾವಿತ್ರಕ್ಕ! ನೀವ್ ಓಗಿ, ನಾನ್ ಕಳಿಸ್ತೀನಿ" ಎಂದ.

ಪೆಟ್ಟಿಗೆಯನ್ನು ಹೊಳೆನರಸೀಪುರದ ಬಡಗಿಯೊಬ್ಬರಿಗೆ ವಹಿಸಿದೆವು. ಹಗುರವಾಗಿರಲಿ ಎಂದಿದ್ದೆ. ಅವರು ಬಾಗಿಲ ಚೌಕಟ್ಟು ಮಾಡುವ ಕೈಯವರು, ಹಲಸಿನ ದಪ್ಪ ಹಲಗೆಯಲ್ಲಿ ಮಾಡಿದ್ದರು. ಸ್ಪೀಕರಿಗೆ ದುಂಡನೆಯ ರಂಧ್ರ ಕೊರೆಯಿರಿ ಎಂದರೆ ಅದರ ಸುತ್ತ ಎಲೆಬಳ್ಳಿಯನ್ನೂ ಕೆತ್ತಿ ಮೊಳೆ ಹೊಡೆದು ಕೂರಿಸಿದ್ದರು. ಸ್ಪೀಕರು ಗಟ್ಟಿಯಾಗಿ ನುಡಿದಾಗಲೆಲ್ಲ ಆ ಬಳ್ಳಿ ಜೀರುಂಡೆಯಂತೆ ಗಿಜಿಗುಡುತ್ತಿತ್ತು. ಕಿತ್ತು ತೆಗೆದೆ. ಯಜಮಾನರಿಗೆ ಬೇಜಾರಾಯಿತು, "ಎಷ್ಟ್ ಲಕ್ಷಣವಾಗಿತ್ತು" ಎಂದರು.

ಎಲ್ಲ ಜೋಡಿಸಿ ಮೊದಲ ಸಲ ಸ್ವಿಚ್ ಹಾಕಿದಾಗ ಆ ಸೆಟ್ಟು ಊಳಿಟ್ಟಿತು. ಗಿಟಾರಿನ ವೈರು ಚುಚ್ಚಿಲ್ಲ, ವಾಲ್ಯೂಮ್ ತಿರುಗಿಸಿಲ್ಲ, ವಾಲ್ವು ಕಾದ ಮರುಕ್ಷಣವೇ ಶುರು. ಎದುರು ಹೋಟೆಲಿನಿಂದ ಜನ ಎದ್ದು ಬಂದರು. ನಾನು ಪ್ರತಿಯೊಂದು ಬೆಸುಗೆಯನ್ನೂ ಬಿದಿರು ಕಡ್ಡಿಯಿಂದ ಒತ್ತಿ ನೋಡಿದೆ. ವಾಲ್ವು ಕಾಯಿಸುವ ತಂತಿಗಳನ್ನು ಹೆಣೆದು ಮೂಲೆಗೆ ಸರಿಸಿದೆ. ವಾಲ್ವು ಬದಲಾಯಿಸಿದೆ, ಕಂಡೆನ್ಸರು ಬದಲಾಯಿಸಿದೆ. ಊಳು ಹಾಗೇ ಇತ್ತು. ನನ್ನ ಕೈಯ ಕೆಲಸವೇ ಕೆಟ್ಟಿದೆ ಎಂದು ಅರ್ಧ ಸೆಟ್ಟು ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ಸಿಟ್ಟಿಗೆ ತಿಮ್ಮೇಗೌಡನ ಟ್ರಾನ್ಸ್‌ಫಾರ್ಮರಿನ ಬಿಳಿ ದಾರದ ತುದಿಯನ್ನು ಕರಿಯದರ ಜಾಗಕ್ಕೂ, ಕರಿಯದನ್ನು ಬಿಳಿಯದರ ಜಾಗಕ್ಕೂ ಹಾಕಿದೆ. ಸೆಟ್ಟು ಗಪ್‌ಚಿಪ್.

ಫೋನ್ ಮಾಡಿದರೆ ತಿಮ್ಮೇಗೌಡ, "ಓ, ಬಿಳೀದು ಮೊದ್ಲಾ? ನಾನ್ ಕರೀದು ಮೊದ್ಲು ಅಂದ್ಕಂಡೆ. ಮೋಟ್ರಾದ್ರೆ ಉಲ್ಟಾ ತಿರುಗ್ತದೆ, ಗೊತ್ತಾಯ್ತದೆ. ಇದು ತಿರುಗೋದೇ ಇಲ್ವಲ್ಲ ಸಾವಿತ್ರಕ್ಕ!" ಎಂದು ನನ್ನನ್ನೇ ಆಕ್ಷೇಪಿಸಿದ.

ಸ್ಪೀಕರಿಗೆ ಹೋಗುವ ಸದ್ದಿನ ಒಂದು ಪಾಲನ್ನು ಹಿಂದಕ್ಕೆ ತಂದು ಸೆಟ್ಟನ್ನು ಹದದಲ್ಲಿಡುವ ಏರ್ಪಾಟು ಇಂಥ ಸೆಟ್ಟಿನಲ್ಲಿರುತ್ತದೆ. ತುದಿ ಅದಲುಬದಲಾದರೆ ಹದ ಮಾಡುವ ಬದಲು ಅದೇ ಸೆಟ್ಟನ್ನು ಕೆರಳಿಸುತ್ತದೆ. ಹೊಸ ಸೆಟ್ಟು ಊಳಿಟ್ಟರೆ ಮೊದಲು ಆ ಎರಡು ತಂತಿಗಳನ್ನು ಬದಲಾಯಿಸಿ ನೋಡಿ. ನಿಮ್ಮ ಕೈಯನ್ನು ಆಮೇಲೆ ಅನುಮಾನಿಸಬಹುದು.

ರುದ್ರಪ್ಪನವರು ಬಂದು ಸೆಟ್ಟನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಹೋದರು. ಅಂಗಡಿಯಲ್ಲಿ ಚೊಕ್ಕವಾಗಿದ್ದ ಸೆಟ್ಟು ಅವರ ಮನೆಯಲ್ಲಿ ಗುಂಯ್ ಎನ್ನುತ್ತಿದೆ ಎಂದು ಮಾರನೆಯ ದಿನ ಫೋನು. ಯಜಮಾನರು, "ಸಾವಿತ್ರಿ ಬರ್ತಾಳೆ ಸಾ" ಎಂದರು. ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಪ್ಲಗ್ಗಿನಲ್ಲಿ ಅರ್ತ್ ಪಿನ್ನೇ ಇಲ್ಲ. ಅವರ ತಂದೆ ಕಟ್ಟಿಸಿದ ಮನೆ, ಗೋಡೆಯಲ್ಲಿ ಎರಡು ತೂತಿನ ಸಾಕೆಟ್ಟು.

"ಆ ದಪ್ಪ ಪಿನ್ನು ತೂರ್ತಿರ್ಲಿಲ್ಲ ಕಣಮ್ಮ. ಕಟಿಂಗ್ ಪ್ಲೇಯರ್ನಲ್ಲಿ ಕತ್ತರ್ಸ್ಬುಟ್ಟೆ."

"ಸಾರ್, ನಿಮ್ಮ ಗಿಟಾರಿನ ತಂತಿ ಸೆಟ್ಟಿನ ಕಬ್ಬಿಣಕ್ಕೆ ಸೇರಿದೆ. ಒಳಗೆ ಏನಾದರೂ ಕೆಟ್ಟು ಕಬ್ಬಿಣಕ್ಕೆ ಕರೆಂಟು ಬಂದರೆ ನಿಮ್ಮ ಕೈಯಲ್ಲಿರುವ ಉಕ್ಕಿಗೆ ಬರುತ್ತದೆ. ಅದನ್ನು ಹೊರಗೆ ಸಾಗಿಸುವುದಕ್ಕೇ ಆ ಪಿನ್ನು ಇರುವುದು."

"ನಂಗೇನೂ ಒಡೀಲಿಲ್ವಲ್ಲ."

"ಇವತ್ತು ಹೊಡೆದಿಲ್ಲ."

"ನೀನ್ ಆ ಗುಂಯ್ ನಿಲ್ಸಮ್ಮ, ಪಿನ್ ವಿಷ್ಯ ನಂಗಿರ್ಲಿ" ಎಂದು ಮಿಲ್ಲಿನ ಆಳಿಗೆ ಹೇಳುವಂತೆ ಹೇಳಿದರು. ನಾನು ಪ್ಲಗ್ಗು ಕಿತ್ತು, ಸೆಟ್ಟಿನ ಹಿಂದಿನ ಫ್ಯೂಸು ತಿರುಗಿಸಿ ತೆಗೆದು, ಪರ್ಸಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ.

ಹಾಸನ ಮುಟ್ಟುವುದರೊಳಗೆ ಯಜಮಾನರಿಗೆ ಫೋನು ಹೋಗಿತ್ತು. "ಗಿರಾಕಿ ಮನೇಲಿ ಫ್ಯೂಸ್ ಕಿತ್ಕಂಡ್ ಬರ್ತಾರೇನೇ? ನಿನ್ಗೇನ್ ತಲೆ ಕೆಟ್ಟಿದ್ಯಾ?" ಎಂದು ರೇಗಿದರು. ಅರ್ತಿಂಗ್ ಮಾಡಿಸಿದ ದಿನ ಫ್ಯೂಸು ಕೊಡುತ್ತೇನೆ, ಅಲ್ಲಿಯವರೆಗೆ ನನ್ನನ್ನು ಕೆಲಸದಿಂದ ತೆಗೆದರೂ ಕೊಡುವುದಿಲ್ಲ ಎಂದೆ. ಇಬ್ಬರೂ ಮಾತು ಬಿಟ್ಟೆವು. ರುದ್ರಪ್ಪನವರು ಊರಿನಲ್ಲೇ ಬೇರೆ ಫ್ಯೂಸು ತರಿಸಿಕೊಳ್ಳಬಹುದಿತ್ತು. ಅವರ ಹೆಂಡತಿ ಗಿರಿಜಮ್ಮನವರು ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು. ಆಕೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಹಿತ್ತಲಲ್ಲಿ ಗುಂಡಿ ತೆಗೆಸಿ, ಉಪ್ಪು ಇದ್ದಿಲು ಸುರಿದು ಕೊಳವೆ ಹೂಳಿಸಿದ್ದರು. ಮೂರು ತೂತಿನ ಸಾಕೆಟ್ಟು ಬಂತು, ನಾನು ಹೋಗಿ ಹೊಸ ಪ್ಲಗ್ಗು ಹಾಕಿ ಫ್ಯೂಸು ಕೊಟ್ಟೆ, ಗುಂಯ್ ನಿಂತಿತು. "ಮೊದ್ಲೇ ಯೋಳ್ಬಾರ್ದಾ!" ಎಂದರು ರುದ್ರಪ್ಪನವರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಗುಂಯ್ ನಿಂತ ಮೇಲೆ ಹೊಸ ದೂರು ಶುರುವಾಯಿತು. "ಮೇಲಿನ ಸ್ವರ ಬತ್ತಿಲ್ಲ ಕಣಮ್ಮ. ಕಂಬಳಿ ಹೊದ್ಸಿದಂಗೈತೆ. ಬೆಳ್ಳಿ ಚಮಚ ಎಲ್ಲಿ?"

ಸೆಟ್ಟು ಅಂಗಡಿಗೆ ಬಂತು. ನನಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಒಂದು ಕಂಡೆನ್ಸರು ಬದಲಾಯಿಸಿ ಸ್ವರ ಚುರುಕು ಮಾಡಿದೆ. ಒಯ್ದರು. ಬತ್ತಿಲ್ಲ ಎಂದರು. ಮತ್ತೊಂದು ಬದಲಾಯಿಸಿದೆ. ಬತ್ತಿಲ್ಲ. ಸ್ಪೀಕರು ಬೇರೆ ಹಾಕಿದೆ. ಗಿಟಾರಿನ ವೈರು ಹಳತು ಎಂದು ಹೊಸದು ಕೊಟ್ಟೆ. ಹದ ಮಾಡುವ ಏರ್ಪಾಟನ್ನೇ ಕಿತ್ತೆ. ಪ್ರತಿ ಸಲವೂ ಹಲಸಿನ ಪೆಟ್ಟಿಗೆ ಇಬ್ಬರ ಕೈಯಲ್ಲಿ ಅಂಗಡಿಯ ಮೆಟ್ಟಿಲು ಹತ್ತಬೇಕು, ಇಳಿಯಬೇಕು. ಪ್ರತಿ ಸಲವೂ ರುದ್ರಪ್ಪನವರ ಧ್ವನಿ ಇನ್ನಷ್ಟು ಜೋರಾಗುತ್ತಿತ್ತು. "ಐಟಿಐನಲ್ಲಿ ಇದನ್ನೇ ಕಲ್ತಿದ್ದಾ?" ಎಂದು ಒಮ್ಮೆ ಎಲ್ಲರೆದುರು ಕೇಳಿದರು. ಬೆಂಚಿನ ಮೇಲೆ ಕೂತವರು ನಕ್ಕರು. ಇಷ್ಟು ವರ್ಷದ ಕೆಲಸದಲ್ಲಿ ಆ ದಿನದಷ್ಟು ಯಾವತ್ತೂ ನನಗೆ ರೇಗಿರಲಿಲ್ಲ.

ಸೆಟ್ಟಿನ ಹಿಂದೆಯೇ ಸಿಟ್ಟಿನಲ್ಲಿ ಅವರ ಮನೆಗೆ ಹೋದೆ. ಬೇಕೆಂದೇ ಸೆಟ್ಟನ್ನು ಎಷ್ಟು ಚೂಪು ಮಾಡಲು ಸಾಧ್ಯವೋ ಅಷ್ಟು ಮಾಡಿದೆ. ಸಣ್ಣ ತಂತಿ ಮೀಟಿದರೆ ಹಲ್ಲು ಜುಂ ಎನ್ನಬೇಕು, ಆಗಲಾದರೂ ಸಾಕೆನ್ನಲಿ ಎಂದುಕೊಂಡೆ. ಅವರು ಗಿಟಾರ್ ತೊಡೆಯ ಮೇಲಿಟ್ಟು ಮೀಟಿದರು. ಒಳಗಿನಿಂದ ಗಿರಿಜಮ್ಮನವರು ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದರು.

"ಅಯ್ಯೋ, ಅದೇನ್ರೀ ಅದು! ತಲೆ ಸೀಳೋಗ್ತದೆ!"

ರುದ್ರಪ್ಪನವರು ತಲೆಯೆತ್ತಿ ನನ್ನನ್ನು ನೋಡಿದರು. "ಈಗ ಸ್ವಲ್ಪ ಪರವಾಗಿಲ್ಲ" ಎಂದರು. "ಇನ್ನೂ ಒಂಚೂರ್ ಬೇಕು."

ನಾನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟೆ. ಇಷ್ಟು ದಿನ ನಾನು ಬಿಚ್ಚದ ತಿರುಪಿಲ್ಲ, ಬದಲಾಯಿಸದ ಬಿಡಿಭಾಗವಿಲ್ಲ. ಸೆಟ್ಟಿನಿಂದ ಈಚೆ ಕೂತಿದ್ದವರನ್ನು ಮಾತ್ರ ನೋಡಿರಲಿಲ್ಲ.

ಹೊರಡುವಾಗ ಗೇಟಿನ ಬಳಿ ಗಿರಿಜಮ್ಮನವರನ್ನು ಕೇಳಿದೆ. "ನಿಮ್ಮ ಯಜಮಾನ್ರಿಗೆ ಕಿವಿ ಹೇಗಿದೆ?"

ಆಕೆ ಒಳಗೊಮ್ಮೆ ತಿರುಗಿ ನೋಡಿದರು. "ಆ ಮಿಲ್ಲಿನ್ ಸದ್ದಲ್ಲಿ ನಲ್ವತ್ತೊರ್ಷ ನಿಂತೋರು ಸಾವಿತ್ರಮ್ಮ. ಕುಕ್ಕರ್ ಸೀಟಿ ಕೇಳಲ್ಲ, ಮೊಮ್ಮಗ್ಳು ಮಾತಾಡಿದ್ರೆ ಕೇಳಲ್ಲ. ನಾನ್ ಹೇಳಿದ್ರೆ ಕೇಳ್ತಾರಾ?"

ಅಂಗಡಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ತಲೆ ಮೇಲೆ ಕೈ ಹೊತ್ತರು. "ಸೆಟ್ಟು ನಮ್ದು, ಕಿವಿ ಅವರ್ದು. ನೀನ್ ಅದ್ರ ಸುದ್ದಿಗ್ ಹೋಗ್ಬೇಡ. ಇನ್ನೊಂದ್ ಕಂಡೆನ್ಸರ್ ಹಾಕಿ ಕೊಟ್ಬಿಡು." ಆಗುವುದಿಲ್ಲ ಎಂಬ ಮಾತನ್ನು ಆ ಅಂಗಡಿಯಲ್ಲಿ ಕೊನೆಗೂ ನಾನೇ ಹೇಳಬೇಕಾಯಿತು.

ಮುಂದಿನ ವಾರ ಸಿಗ್ನಲ್ ಜನರೇಟರ್ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಅದು ಸ್ವರ ಹೊರಡಿಸುವ ಪೆಟ್ಟಿಗೆ. ಅದರ ಗುಂಡಿ ತಿರುಗಿಸುತ್ತಾ ಹೋದರೆ ಸದ್ದು ಗುಂಯ್ ಎನ್ನುವುದರಿಂದ ಕೀಯ್ ಎನ್ನುವವರೆಗೆ ಏರುತ್ತದೆ. ಅದನ್ನು ಸೆಟ್ಟಿಗೆ ಜೋಡಿಸಿ, "ಸಾರ್, ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕೈ ಎತ್ತಿ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತದೆ" ಎಂದೆ. ಸುಳ್ಳೇನೂ ಹೇಳಲಿಲ್ಲ.

ಗುಂಡಿ ತಿರುಗಿಸಿದೆ. ಸದ್ದು ಏರಿತು. ಸಣ್ಣ ತಂತಿಯ ನಾದ ಹೊಳಪು ಪಡೆಯುವ ಜಾಗ ಇನ್ನೂ ದೂರವಿರುವಾಗಲೇ ಅವರು ಕೈ ಎತ್ತಿದರು. "ನೋಡು, ಇಲ್ಲಿ ನಿಂತೋಯ್ತು. ನಾನ್ ಯೋಳ್ಲಿಲ್ವಾ?"

ನಾನು ಗುಂಡಿಯಿಂದ ಕೈ ತೆಗೆಯಲಿಲ್ಲ. ಅಡುಗೆಮನೆಯಿಂದ ಗಿರಿಜಮ್ಮನವರ ದನಿ ಬಂತು. "ಆ ಕೀರಲು ನಿಲ್ಸಿ ಸಾವಿತ್ರಮ್ಮ, ತಡ್ಯಕ್ಕಾಗ್ತಿಲ್ಲ!"

ಹೆಂಡತಿಯ ಕೂಗು ಅವರಿಗೆ ಕೇಳಿಸಿತು. ಸ್ಪೀಕರಿನ ಕೀರಲು ಕೇಳಿಸಲಿಲ್ಲ. ಅವರು ಸ್ಪೀಕರನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಎದ್ದು ಬಂದು ಸ್ಪೀಕರಿನ ಬಟ್ಟೆಯ ಮೇಲೆ ಬೆರಳಿಟ್ಟರು. ಅದು ನಡುಗುತ್ತಿದ್ದದ್ದು ಬೆರಳಿಗೆ ತಿಳಿಯಿತೇನೋ, ಮುಖ ಕಪ್ಪಾಯಿತು.

"ಸೆಟ್ಟು ಮಾಡಕ್ ಬರಲ್ಲ, ಅದಕ್ಕೆ ನನ್ನನ್ ಕಿವುಡನ್ ಮಾಡಕ್ ಬಂದ್ಯಾ? ಎತ್ಕಂಡ್ ಓಗು ಇದನ್ನ. ನಂಗ್ ಬ್ಯಾಡ."

ಸೆಟ್ಟು ಗೂಡ್ಸ್ ಆಟೋದಲ್ಲಿ ನನ್ನ ಹಿಂದೆಯೇ ಅಂಗಡಿಗೆ ಬಂತು. ಯಜಮಾನರು ಅದನ್ನು ಮೂಲೆಗೆ ತಳ್ಳಿಸಿ, ಮೇಲೊಂದು ಚೀಲ ಹೊದಿಸಿ, "ಸಮಾಧಾನ ಆಯ್ತಾ?" ಎಂದಷ್ಟೇ ಕೇಳಿದರು. ಸಮಾಧಾನ ಎಲ್ಲಿಂದ ಬರಬೇಕು? ದಿನಾ ಬೆಳಿಗ್ಗೆ ಬಂದವಳು ಆ ಚೀಲದ ಕಡೆ ನೋಡದೆ ಮೇಜಿಗೆ ಹೋಗುತ್ತಿದ್ದೆ. ಬಾಯಿಬಿಟ್ಟು ಹೇಳಿಬಿಡಬೇಕಿತ್ತೇ, ಹೀಗೆ ಪರೀಕ್ಷೆಗೆ ಒಡ್ಡಬಾರದಿತ್ತೇ ಎಂದು ಸಂಜೆ ದುದ್ದದ ಬಸ್ಸಿನಲ್ಲಿ ಕೊರವಂಗಲ ದಾಟುವವರೆಗೂ ಯೋಚನೆ. ಆಮೇಲೆ ಮತ್ತೆ ಸಿಟ್ಟು. ಬೇರೆ ದಾರಿಯೇನಿತ್ತು? ನಾನು ಹೇಳಿದ್ದರೆ ಅವರು ನಂಬುತ್ತಿದ್ದರೇ?

ಬಹಳ ದಿನಗಳಾದ ಮೇಲೆ ಒಂದು ಮಧ್ಯಾಹ್ನ ರುದ್ರಪ್ಪನವರು ಒಬ್ಬರೇ ಬಂದರು. ಬಗಲಲ್ಲಿ ಗಿಟಾರ್ ಇತ್ತು. ಯಜಮಾನರು ಗಡಿಬಿಡಿಯಿಂದ ಎದ್ದು ಕುರ್ಚಿ ಒರೆಸಿದರು. ಅವರು ಅತ್ತ ನೋಡದೆ ನೇರವಾಗಿ ನನ್ನ ಮೇಜಿನ ಬಳಿ ಬಂದು, ಬೆಂಚಿನ ಮೇಲೆ ಕೂತರು.

"ಆ ಚೀಲ ತಗಿ. ಸೆಟ್ ಹಾಕು."

ಹಾಕಿದೆ. ಚೂಪು ಮಾಡಿದ್ದನ್ನು ಸ್ವಲ್ಪ ತಗ್ಗಿಸಿದೆ. ಅವರು ಒಂದು ಹಳೆಯ ರಾಗವನ್ನು ನಿಧಾನವಾಗಿ ನುಡಿಸಿದರು. ಉಕ್ಕು ತಂತಿಯ ಮೇಲೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ನಿಂತ ಮೇಲೆ ಹಗುರವಾಗಿ ತೂಗುತ್ತಿತ್ತು. ಎದುರು ಹೋಟೆಲಿನ ಸಪ್ಲೈಯರ್ ಬಾಗಿಲಿಗೆ ಬಂದು ನಿಂತ. ಮುಗಿಸಿ ಅವರು, ಆ ದಿನ ಮಾತ್ರ ಮೆಲ್ಲಗೆ, ಕೇಳಿದರು:

"ಒಂದ್ ಕೇಳ್ತೀನಿ, ಸುಳ್ಳೇಳ್ಬ್ಯಾಡ. ನನ್ ಕೈ ಸರಿಯಾಗೈತಾ?"

"ಕೈಗೇನಾಗಿದೆ ಸಾರ್? ಚೆನ್ನಾಗಿದೆ."

"ನಿಜ್ವಾಗ್ಲೂ?"

"ನನಗೆ ನಿಮ್ಮನ್ನು ಹೊಗಳುವ ಮನಸ್ಸು ಇವತ್ತು ಇಲ್ಲ ಸಾರ್. ಕೈ ಚೆನ್ನಾಗಿದೆ."

ಅವರು ಉಕ್ಕಿನ ತುಂಡನ್ನು ಬಟ್ಟೆಯಿಂದ ಒರೆಸುತ್ತಾ ಕೂತರು. "ಇಷ್ಟೊರ್ಷ ಬಿಟ್ಬುಟ್ನಲ್ಲ, ಕೈ ಸತ್ತೋಗೈತೆ ಅಂದ್ಕಂಡಿದ್ದೆ ಕಣಮ್ಮ. ಮೀಟಿದ್ರೆ ಬರ್ಬೇಕಾದ್ದು ಬರ್ತಿರ್ಲಿಲ್ಲ. ನನ್ ಕೈ ಅಲ್ಲ, ಸೆಟ್ಟೇ ಕೆಟ್ಟಿರ್ಲಿ ದೇವ್ರೇ ಅಂತ ನಿನ್ ಪ್ರಾಣ ತಿಂದೆ." ಉಕ್ಕನ್ನು ಜೇಬಿಗೆ ಹಾಕಿಕೊಂಡು, "ಕಿವಿಯಾದ್ರೆ ಓಗ್ಲಿ ಬಿಡು. ಕಿವಿಗೆ ಮಿಷನ್ ಸಿಗ್ತದೆ. ಕೈಗ್ ಸಿಗ್ತದಾ?" ಎಂದರು.

ನಾನು ಸೆಟ್ಟು ಆರಿಸಿದೆ. ಯಜಮಾನರು ಕಾಫಿ ತರಿಸಿದರು. ರುದ್ರಪ್ಪನವರು ಸೆಟ್ಟನ್ನು ಮನೆಗೆ ಕಳಿಸಲು ಹೇಳಿ ಅಲ್ಲಿಂದಲೇ ಹಾಸನದ ಕಿವಿ ಡಾಕ್ಟರ ಬಳಿಗೆ ಹೋದರು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ತಿಳಿದುಕೊಳ್ಳಬೇಡಿ. ಕಿವಿಯ ಮಿಷನ್ ಬಂದ ವಾರವೇ ಫೋನು.

"ಸಾವಿತ್ರಮ್ಮ, ಇದೇನಮ್ಮ ಸೆಟ್ಟು! ಕಿವಿ ಕಿತ್ತೋಗ್ತದೆ! ಯಾರ್ ಇಷ್ಟ್ ಚೂಪ್ ಮಾಡಕ್ ಹೇಳಿದ್ದು ನಿಂಗೆ?"

ಯಾರು ಹೇಳಿದ್ದೆಂದು ನಾನು ಹೇಳಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹಲಸಿನ ಪೆಟ್ಟಿಗೆ ಮತ್ತೆ ಅಂಗಡಿಯ ಮೆಟ್ಟಿಲು ಹತ್ತಿತು. ಹಾಕಿದ ಕಂಡೆನ್ಸರುಗಳನ್ನೆಲ್ಲ ಕಿತ್ತೆ, ತೆಗೆದವುಗಳನ್ನು ಹಾಕಿದೆ. ಹದ ಮಾಡುವ ಏರ್ಪಾಟನ್ನು ಮರಳಿ ಕೂಡಿಸಿದೆ, ಹಳೆಯ ಸ್ಪೀಕರನ್ನು ಹುಡುಕಿ ತಂದೆ. ತಿಂಗಳುಗಟ್ಟಲೆ ಪಟ್ಟ ಪಾಡನ್ನು ಉಲ್ಟಾ ಪಟ್ಟು, ಮೊದಲ ದಿನ ಆ ಸೆಟ್ಟು ಹೇಗಿತ್ತೋ ಹಾಗೇ ಮಾಡಿಟ್ಟೆ. ಮಾಡಿದ ಕೆಲಸವನ್ನು ಅಳಿಸುವುದು ಮಾಡುವುದಕ್ಕಿಂತ ಬೇಸರದ ಕೆಲಸ ಎಂಬುದನ್ನು ಈ ವೃತ್ತಿಗೆ ಬರುವವರು ನೆನಪಿಟ್ಟುಕೊಳ್ಳಿ. ಯಾವುದನ್ನು ಬದಲಾಯಿಸಿದರೂ ತೆಗೆದದ್ದನ್ನು ಎಸೆಯಬೇಡಿ.

ಸೆಟ್ಟು ಮನೆ ಸೇರಿದ ಮೇಲೆ ಮತ್ತೊಂದು ಫೋನು. "ಸುಯ್ ಅಂತೈತೆ."

ಮತ್ತೆ ಚನ್ನರಾಯಪಟ್ಟಣದ ಬಸ್ಸು. ಹೋಗಿ ಕಿವಿಗೊಟ್ಟರೆ, ವಾಲ್ವ್ ಸೆಟ್ಟಿನಲ್ಲಿ ಯಾವಾಗಲೂ ಇರುವ ಸಣ್ಣ ಸುಯ್ಲು. ಮೊದಲ ದಿನದಿಂದ ಇತ್ತು, ಅವರಿಗೆ ಕೇಳಿಸಿರಲಿಲ್ಲ, ಅಷ್ಟೆ.

"ಇದು ಇರುವುದೇ ಸಾರ್. ಎಲ್ಲ ವಾಲ್ವ್ ಸೆಟ್ಟಿನಲ್ಲೂ ಇರುತ್ತದೆ. ನಿಮ್ಮ ಮೇಷ್ಟ್ರ ಸೆಟ್ಟಿನಲ್ಲೂ ಇದ್ದಿರಬೇಕು."

ಅವರು ಕಣ್ಣು ಮುಚ್ಚಿ ಕೇಳಿದರು. "ಇತ್ತು" ಎಂದರು. "ಹೂಂ, ಇತ್ತು ಕಣಮ್ಮ. ಮೇಷ್ಟ್ರು ಬರಕ್ ಮುಂಚೆ ನಾವ್ ಹುಡುಗ್ರು ಸೆಟ್ ಹಾಕ್ಕಂಡ್ ಕಾಯ್ತಿದ್ವು. ಇಂಗೇ ಸುಯ್ ಅನ್ನೋದು."

ಗಿಟಾರ್ ತೊಡೆಯ ಮೇಲೆ ಬಂತು. ನಾನು ಹೊರಡಲು ಎದ್ದವಳು ಬ್ಯಾಗು ಹಿಡಿದೇ ಕೂತೆ. ಗಿರಿಜಮ್ಮನವರು ಸೀರೆಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಪಕ್ಕದ ಮಣೆಯ ಮೇಲೆ ಕೂತರು. ರುದ್ರಪ್ಪನವರು ನುಡಿಸಿದರು. ಬೆಳ್ಳಿ ಚಮಚ ಲೋಟಕ್ಕೆ ತಾಗಿತೋ ಇಲ್ಲವೋ ನನಗೆ ತಿಳಿಯದು, ಅವರ ಮೇಷ್ಟ್ರ ಸೆಟ್ಟನ್ನು ನಾನು ಕೇಳಿದವಳಲ್ಲ. ನನಗೆ ಕೇಳಿಸಿದ್ದು ನಾನು ಕಟ್ಟಿದ ಸೆಟ್ಟು, ಗುಂಯ್ ಇಲ್ಲದೆ, ಗಿಜಿಗಿಜಿ ಇಲ್ಲದೆ, ಊಳಿಲ್ಲದೆ.

ನಡುವೆ ಅವರು ನಿಲ್ಲಿಸಿದರು. ಹೊಸ ದೂರು ಬರುತ್ತದೆ ಎಂದು ನಾನು ಬ್ಯಾಗನ್ನು ಕೆಳಗಿಟ್ಟೆ.

"ಈಗ ಎಂಗೈತಮ್ಮ?" ಎಂದರು. ಇಷ್ಟು ದಿನದಲ್ಲಿ ಅವರು ಸೆಟ್ಟು ಹೀಗಿದೆ ಎಂದು ನನಗೆ ಹೇಳುತ್ತಿದ್ದರೇ ಹೊರತು ಹೇಗಿದೆ ಎಂದು ಕೇಳಿದ್ದು ಅದೇ ಮೊದಲು.

"ಸೆಟ್ಟು ಸರಿಯಾಗಿದೆ ಸಾರ್. ನಿಮ್ಮ ಎರಡನೇ ತಂತಿ ಸ್ವಲ್ಪ ಇಳಿದಿದೆ."

ಗಿರಿಜಮ್ಮನವರು ನನ್ನನ್ನು ಗಾಬರಿಯಿಂದ ನೋಡಿದರು. ರುದ್ರಪ್ಪನವರು ಎರಡನೇ ತಂತಿಯನ್ನು ಮೀಟಿದರು. ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳಿದರು, ಮತ್ತೊಮ್ಮೆ ಮೀಟಿದರು.

"ಹೂಂ ಕಣಮ್ಮ" ಎಂದರು, "ಇಳ್ದೈತೆ." ತಂತಿ ಬಿಗಿಸಲು ಬಿರಡೆಗೆ ಕೈ ಹಾಕಿದರು.